ಕೊರೊನಾ ಟೈಮಲ್ಲಿ ಬಾಡಿಗೆ ಮನೆ ಓನರ್‌ಗಳಾಗಿ ನಾವು ನಡೆದು ಬಂದ ದಾರಿ

ಬೆಂಗಳೂರಿನ ಲಗ್ಗೆರೆಯಲ್ಲಿ ನಮ್ದೊಂದು ಮೂವತ್ತು ನಲವತ್ತರ ಸೈಟು. ಕೆಳಗೆ ರೋಡ್ ಕಡೆಗೆ ಒಂದು ಅಂಗಡಿ ಮಳಿಗೆ, ಅದರ ಹಿಂದೆ ನಾವಿರೋ ಮನೆ, ಮೇಲೆ ಎರಡು ಫ್ಲೋರಲ್ಲಿ ಬಾಡಿಗೆ ಮನೆಗಳು. ನಮ್ಮನೆಯವ್ರು ಪೀಣ್ಯದಲ್ಲಿ ಸೂಪರ್‌ವೈಸರ್, ಬ್ಯಾಂಕಲ್ಲಿ ಲೋನ್ ಮಾಡಿ ಕಟ್ಟಿದ್ದು, ಬಾಡಿಗೆ ಬಂದ್ರೆ ಇಎಂಐ ಹೋಗುತ್ತೆ, ಬರ್ಲಿಲ್ಲ ಅಂದ್ರೆ ಸಂಬಳದಿಂದ ತುಂಬ್ಬೇಕು, ಲಾಕ್‌ಡೌನ್ ಶುರುವಾದ್ಮೇಲೆ ಅವ್ರಿಗೂ ಅರ್ಧ ಸಂಬಳ ಆಗೋಯ್ತು. ಬೆಂಗಳೂರಲ್ಲಿ ನಮ್ಮಂಥ ಓನರ್‌ಗಳೇ ಜಾಸ್ತಿ, ಬೀದಿಗೆ ಹತ್ತು ಜನ ಸಿಗ್ತಾರೆ.

ಇದನ್ನ ಬರೀಬೇಕು ಅಂತ ಅನ್ಸಿದ್ದು ಯಾಕಂದ್ರೆ, ಆ ಎರಡು ವರ್ಷ ನಮ್ಮ ಬೀದೀಲಿ ಓನರ್‌ಗೆ ಏನು ಹಕ್ಕಿದೆ, ಏನು ಜವಾಬ್ದಾರಿ ಇದೆ ಅನ್ನೋದು ಯಾರಿಗೂ ಸರಿಯಾಗಿ ಗೊತ್ತಿರ್ಲಿಲ್ಲ, ವಾಟ್ಸಾಪಲ್ಲಿ ಬಂದಿದ್ದೇ ಕಾನೂನು ಅನ್ನೋ ಹಾಗಾಗಿತ್ತು. ಬಾಡಿಗೆ ಬಾಕಿ ಕೇಳೋದು ಒಂದು ವಿಷಯ, ಜನಾನ ಮನೆಯಿಂದ ಹೊರಗೆ ಹಾಕೋದು ಇನ್ನೊಂದು ವಿಷಯ. ಇವೆರಡನ್ನ ಕಲಸಿಕೊಂಡಿದ್ದಕ್ಕೇ ಅರ್ಧ ಜಗಳಗಳು ಆಗಿದ್ದು, ನಾನು ಕಣ್ಣಾರೆ ನೋಡಿದೀನಿ.

ಮೊದಲು ಬಂದಿದ್ದು ನರ್ಸ್ ಹುಡುಗೀರ ವಿಷಯ. ಎರಡನೇ ಫ್ಲೋರಲ್ಲಿ ಇಬ್ರಿದ್ರು, ರಾಯಚೂರು ಕಡೆಯೋರು, ಇಬ್ರೂ ಸ್ಟಾಫ್ ನರ್ಸ್. 2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, ಅವತ್ತು ಸಂಜೆ ನಮ್ಮ ಬೀದೀಲೂ ಎಲ್ರೂ ಹೊರಗೆ ಬಂದು ಚಪ್ಪಾಳೆ ತಟ್ಟಿದ್ರು, ತಟ್ಟೆ ಬಡಿದ್ರು. ಅದಾಗಿ ವಾರ ಕಳೀಲಿಲ್ಲ, ಎದುರುಮನೆ ಯಜಮಾನ್ರು ಗೇಟ್ ಹತ್ರ ದೂರ ನಿಂತ್ಕೊಂಡು "ನೋಡಮ್ಮಾ, ಆ ಹುಡುಗೀರಲ್ಲಿ ಒಬ್ಳು ಕೊರೊನಾ ವಾರ್ಡಲ್ಲೇ ಡ್ಯೂಟಿ ಮಾಡೋದಂತೆ, ನಿಮ್ಮ ಅತ್ತೆಗೂ ವಯಸ್ಸಾಗಿದೆ, ಶುಗರ್ ಬೇರೆ ಇದೆ, ಏನಾದ್ರೂ ಆದ್ರೆ ಯಾರು ನೋಡ್ತಾರೆ, ಸುಮ್ನೆ ಖಾಲಿ ಮಾಡಿಸಿ" ಅಂದ್ರು. ಅವ್ರೊಬ್ರೇ ಅಲ್ಲ, ಪಕ್ಕದ ಬಿಲ್ಡಿಂಗಿನೋರೂ ಅದನ್ನೇ ಹೇಳಿದ್ರು. ಹೆದರಿಕೆ ನಮಗೂ ಇತ್ತು, ಇರೋದು ಒಂದೇ ಮೆಟ್ಲು, ಒಂದೇ ಗ್ರಿಲ್ ಗೇಟು, ಅದೇ ಕಂಬಿ ಹಿಡ್ಕೊಂಡು ನಮ್ಮತ್ತೆ ದಿನಾ ಸಂಜೆ ಟೆರೇಸಿಗೆ ಹತ್ತೋರು.

ಆ ಹುಡುಗಿಗೂ ಮಾತು ಕಿವಿಗೆ ಬಿದ್ದಿತ್ತು. ನೈಟ್ ಡ್ಯೂಟಿ ಮುಗಿಸ್ಕೊಂಡು ಬಂದವ್ಳು ಮೇಲೆ ಹೋಗದೆ ಗೇಟಿನ ಹೊರಗೇ ನಿಂತು ಫೋನ್ ಮಾಡಿದ್ಲು. "ಆಂಟಿ, ಖಾಲಿ ಮಾಡು ಅಂದ್ರ ನಾ ಎಲ್ಲಿಗೆ ಹೋಗ್ಲಿ ಹೇಳ್ರಿ, ಬಸ್ಸಿಲ್ಲ, ರೈಲಿಲ್ಲ, ಡ್ಯೂಟಿ ಬಿಟ್ಟು ಊರಿಗೆ ಹೋಗಾಕೂ ಬರಂಗಿಲ್ಲ." ಕಿಟಕಿಯಿಂದ ನೋಡ್ತಿದ್ರೆ ಮಾಸ್ಕಿನ ದಾರ ಮುಖದ ಮೇಲೆ ಕೆಂಪಗೆ ಬರೆ ಎಳೆದಿತ್ತು, ಎರಡೂ ಕಡೆ. ಒಳಗೆ ಬಾ ಮಗಾ, ಮೊದ್ಲು ಸ್ನಾನ ಮಾಡಿ ಮಲಕ್ಕೋ, ಯಾರೂ ಖಾಲಿ ಮಾಡಿಸ್ತಿಲ್ಲ ಅಂದೆ. ನಮ್ಮನೆಯವ್ರಿಗೂ ಅದೇ ಸರಿ ಅನ್ನಿಸ್ತು.

ಆಮೇಲೆ ಕೂತು ವ್ಯವಸ್ಥೆ ಮಾಡ್ಕೊಂಡ್ವಿ. ಅವಳು ಬಂದ ತಕ್ಷಣ ಟೆರೇಸಿಗೇ ಹೋಗಿ, ಅಲ್ಲಿರೋ ನಲ್ಲಿ ಹತ್ರ ಬಕೆಟ್‌ನಲ್ಲಿ ಸೋಪ್ ನೀರಿಗೆ ಯೂನಿಫಾರ್ಮ್ ಹಾಕೋದು, ಕಂಬಿ ಮತ್ತೆ ಗ್ರಿಲ್ಲಿನ ಚಿಲಕ ಬೆಳಿಗ್ಗೆ ಸಂಜೆ ನಾವು ಸೋಂಕು ಕೊಲ್ಲೋ ಹೈಪೋಕ್ಲೋರೈಟ್ ನೀರಲ್ಲಿ ಒರೆಸೋದು, ಅತ್ತೆ ವಾಕಿಂಗ್ ಮನೆ ಒಳಗೇ. ಹೇಗೆ ಒರೆಸ್ಬೇಕು, ಎಷ್ಟು ನೀರಿಗೆ ಎಷ್ಟು ಹಾಕ್ಬೇಕು ಅಂತ ನಮಗೆ ಹೇಳಿಕೊಟ್ಟಿದ್ದೂ ಅವಳೇ.

ಕಾನೂನು ಆಗ್ಲೇ ಅವಳ ಕಡೆಗಿತ್ತು. ದೆಹಲಿಯಲ್ಲಿ ಏಮ್ಸ್ ರೆಸಿಡೆಂಟ್ ಡಾಕ್ಟರ್‌ಗಳು ನಮ್ಮನ್ನ ಬಾಡಿಗೆ ಮನೆಯಿಂದ ಹೊರಗೆ ಹಾಕ್ತಿದಾರೆ ಅಂತ ಕೇಂದ್ರ ಗೃಹ ಸಚಿವರಿಗೆ ಪತ್ರ ಬರೆದ ಮೇಲೆ ಇದು ದೊಡ್ಡ ಸುದ್ದಿ ಆಯ್ತು, ನಮ್ಮ ರಾಜ್ಯದ ಆರೋಗ್ಯ ಇಲಾಖೆನೂ ಮಾರ್ಚ್ ಕೊನೇ ವಾರದಲ್ಲೇ ಆದೇಶ ಮಾಡಿತ್ತು, ಡಾಕ್ಟ್ರು ನರ್ಸ್‌ಗಳನ್ನ ಬಲವಂತವಾಗಿ ಖಾಲಿ ಮಾಡಿಸೋ ಮಾಲೀಕರ ಮೇಲೆ ಕಠಿಣ ಕ್ರಮ ಅಂತ. ಏಪ್ರಿಲ್ 22ಕ್ಕೆ ಕೇಂದ್ರದ ಸುಗ್ರೀವಾಜ್ಞೆ ಬಂತು, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ. ಅದರಲ್ಲಿ ಆರೋಗ್ಯ ಸಿಬ್ಬಂದಿ ಮೇಲೆ ಹಿಂಸೆ ಅಂದ್ರೆ ಹೊಡೆಯೋದರ ಜೊತೆಗೆ, ಅವ್ರ ವಾಸಕ್ಕೋ ಕೆಲಸಕ್ಕೋ ಅಡ್ಡಿ ಆಗೋ ಹಾಗೆ ಕಿರುಕುಳ ಕೊಡೋದೂ ಸೇರ್ತು. ಶಿಕ್ಷೆ 3 ತಿಂಗಳಿಂದ 5 ವರ್ಷ ಜೈಲು, ದಂಡ 50 ಸಾವಿರದಿಂದ 2 ಲಕ್ಷ. ಎದುರುಮನೆ ಯಜಮಾನ್ರಿಗೆ ಫೋನಲ್ಲಿ ಇದನ್ನ ಪೂರ್ತಿ ಓದಿ ಹೇಳಿದೆ. ಅವತ್ತಿಂದ ಗೇಟ್ ಹತ್ರ ಯಾರೂ ಬರ್ಲಿಲ್ಲ.

ಇನ್ನು ಬಾಡಿಗೆ ವಿಷಯ. ಮಾರ್ಚ್ 29ಕ್ಕೆ ಕೇಂದ್ರ ಗೃಹ ಇಲಾಖೆಯಿಂದ ಒಂದು ಆದೇಶ ಬಂತು, 2005ರ ವಿಪತ್ತು ನಿರ್ವಹಣಾ ಕಾಯ್ದೆ ಕೆಳಗೆ. ಎಲ್ರೂ ಅದರ ಬಗ್ಗೆ ಮಾತಾಡೋರೇ, ಆದ್ರೆ ಓದಿದೋರು ಕಮ್ಮಿ. ಅದರಲ್ಲಿದ್ದಿದ್ದು ಇಷ್ಟು: ವಲಸೆ ಕಾರ್ಮಿಕರೂ ಸೇರಿ ಬಾಡಿಗೆ ಮನೇಲಿರೋ ಕಾರ್ಮಿಕರ ಹತ್ರ ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನಾಗ್ಲಿ ವಿದ್ಯಾರ್ಥಿಗಳನ್ನಾಗ್ಲಿ ಬಲವಂತವಾಗಿ ಖಾಲಿ ಮಾಡಿಸಿದ್ರೆ ಕ್ರಮ. ಎಲ್ಲಾ ಬಾಡಿಗೆದಾರರಿಗೂ ಮಾಫಿ ಅಂತ ಎಲ್ಲೂ ಇಲ್ಲ. ಆ ಒಂದು ತಿಂಗಳದ್ದು ಪೂರ್ತಿ ಬಿಟ್ಟುಬಿಡಬೇಕಾ, ಆಮೇಲೆ ಕೇಳಬಹುದಾ ಅನ್ನೋದೂ ಸ್ಪಷ್ಟ ಇರ್ಲಿಲ್ಲ. ಮಹಾರಾಷ್ಟ್ರದಲ್ಲಿ ಏಪ್ರಿಲ್‌ನಲ್ಲಿ ವಸತಿ ಇಲಾಖೆ ಮೂರು ತಿಂಗಳು ಬಾಡಿಗೆ ವಸೂಲಿ ಮುಂದಕ್ಕೆ ಹಾಕಿ ಅಂತ ಹೇಳಿತ್ತು, ಅದರಲ್ಲಿ ಮುಂದಕ್ಕೆ ಹಾಕೋದು ಅಂತಾನೇ ಇತ್ತು, ಗೊಂದಲ ಇರ್ಲಿಲ್ಲ.

ನನಗೆ ಆ ಆದೇಶದ ಮೇಲೆ ಒಂದು ಬೇಜಾರು ಈಗ್ಲೂ ಇದೆ. ಕೂಲಿ ಮಾಡೋರ ಹತ್ರ ಕೇಳಬೇಡಿ ಅಂದಿದ್ದು ನೂರಕ್ಕೆ ನೂರು ಸರಿ, ಆದ್ರೆ ಆ ಭಾರಾನ ಯಾರು ಹೊರಬೇಕು ಅನ್ನೋದನ್ನ ಹೇಳದೇ ನಮ್ಮ ತಲೆ ಮೇಲೆ ಇಟ್ಟುಬಿಟ್ರು, ಮಾಲೀಕರ ಲೋನು ತೆರಿಗೆ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ. ರಿಸರ್ವ್ ಬ್ಯಾಂಕ್ ಮಾರ್ಚ್ 27ಕ್ಕೆ ಇಎಂಐಗೆ ಮೂರು ತಿಂಗಳು ಮೊರಾಟೋರಿಯಂ, ಅಂದ್ರೆ ಕಂತು ಮುಂದಕ್ಕೆ ಹಾಕೋ ಅವಕಾಶ ಕೊಡ್ತು, ಮೇ 22ಕ್ಕೆ ಅದನ್ನ ಆಗಸ್ಟ್ 31ರವರೆಗೆ ಎಳೀತು. ಆದ್ರೆ ಅದರಲ್ಲಿ ಬಡ್ಡಿ ನಿಲ್ಲಲ್ಲ, ಕಟ್ಟದೇ ಇರೋ ಬಡ್ಡಿ ಅಸಲಿಗೆ ಸೇರುತ್ತೆ. ಮುಂದೆ ಎಷ್ಟು ಕಂತು ಜಾಸ್ತಿ ಆಗುತ್ತೆ ಅಂತ ಬ್ಯಾಂಕಲ್ಲಿ ಕೇಳಿ, ಲೆಕ್ಕ ಬರೆಸ್ಕೊಂಡು, ಮೊದಲ ಮೂರು ತಿಂಗಳಿಗೆ ಮಾತ್ರ ತಗೊಂಡ್ವಿ, ಎರಡನೇ ಸಲ ಬೇಡ ಅಂದ್ವಿ.

ಮೊದಲನೇ ಫ್ಲೋರ್ ಮೂಲೆ ಮನೇಲಿ ಒಡಿಶಾದ ಮೂರು ಹುಡುಗ್ರು, ಪೀಣ್ಯದ ಒಂದು ವರ್ಕ್‌ಶಾಪಲ್ಲಿ ಕೆಲ್ಸ. ಬಾಡಿಗೆ 6,500, ಅಡ್ವಾನ್ಸ್ 25,000. ಕಾಂಟ್ರ್ಯಾಕ್ಟರ್ ಮಾರ್ಚ್ ಸಂಬಳ ಕೊಡದೇ ಫೋನ್ ಆಫ್ ಮಾಡ್ಕೊಂಡ. ಏಪ್ರಿಲ್ ಬಾಡಿಗೆ ನಾವು ಕೇಳ್ಲಿಲ್ಲ, ಆಮೇಲೂ ಕೇಳಲ್ಲ ಅಂತ ಬಾಡಿಗೆ ಪುಸ್ತಕದಲ್ಲಿ ಬರೆದು ಸೈನ್ ಹಾಕಿ ಕೊಟ್ವಿ. ಮೇ 3ರಿಂದ ಬೆಂಗಳೂರಿಂದ ಶ್ರಮಿಕ್ ರೈಲುಗಳು ಶುರುವಾದ್ವು, ನಮಗೆ ಹತ್ರದ ಚಿಕ್ಕಬಾಣಾವರ ಸ್ಟೇಷನ್ನಿಂದಾನೇ ಹೊರಡ್ತಿತ್ತು. ಪೊಲೀಸ್ ಸ್ಟೇಷನ್ನಲ್ಲಿ ಹೆಸ್ರು ಬರೆಸಿ ಬಂದು "ಅಮ್ಮಾ, ಅಡ್ವಾನ್ಸ್ ಕೊಟ್ಬಿಡಿ, ಊರಿಗೆ ಹೋಗ್ತೀವಿ" ಅಂತ ಕೂತ್ರು. ನಮ್ಮ ಕೈಯಲ್ಲಿ ಅಷ್ಟು ಕ್ಯಾಶ್ ಇರ್ಲಿಲ್ಲ. ಓನರ್‌ಗಳೆಲ್ಲ ಮಾಡೋದು ಇದೇ, ಹಳೇ ಬಾಡಿಗೆದಾರರ ಅಡ್ವಾನ್ಸನ್ನ ಮನೆ ಕಟ್ಟೋಕೋ ಸಾಲಕ್ಕೋ ಹಾಕಿರ್ತೀವಿ, ಹೊಸಬ್ರು ಬಂದಾಗ ಅವ್ರ ದುಡ್ಡಲ್ಲಿ ಹಳಬ್ರಿಗೆ ಕೊಡ್ತೀವಿ, ಲಾಕ್‌ಡೌನಲ್ಲಿ ಹೊಸಬ್ರು ಎಲ್ಲಿಂದ ಬರ್ತಾರೆ. ಆದ್ರೂ ಅದು ಅವ್ರ ದುಡ್ಡು. ಚೀಟಿ ದುಡ್ಡಿತ್ತು, ಅದರಿಂದ ಪೂರ್ತಿ 25,000 ಕೊಟ್ವಿ, ಪೇಂಟಿಂಗ್ ಅಂತ ಏನೂ ಹಿಡೀಲಿಲ್ಲ.

ಅವ್ರು ಕೀ ಕೊಟ್ಟು ಬ್ಯಾಗ್ ಹೊತ್ಕೊಂಡು ಹೋದ್ರು, ಆ ಹೊತ್ತಿಗೆ ಸರಿಯಾಗಿ ರಾಜ್ಯ ಸರ್ಕಾರ ರೈಲೇ ನಿಲ್ಲಿಸ್ತು, ಬಿಲ್ಡರ್‌ಗಳ ಜೊತೆ ಮೀಟಿಂಗ್ ಆದ್ಮೇಲೆ ಕಾರ್ಮಿಕರು ಇಲ್ಲೇ ಇರ್ಲಿ ಅಂತ. ರಾತ್ರಿ ಮೂರೂ ಜನ ವಾಪಸ್ ಬಂದು ಗ್ರಿಲ್ ಹತ್ರ ನಿಂತಿದ್ರು. ಲೆಕ್ಕ ಚುಕ್ತಾ ಆಗಿತ್ತು, ಕೀ ನಮ್ಮ ಹತ್ರ ಇತ್ತು, ಕಾಗದದ ಪ್ರಕಾರ ಅವ್ರು ನಮ್ಮ ಬಾಡಿಗೆದಾರರೇ ಅಲ್ಲ. ನಮ್ಮನೆಯವ್ರು ಏನೂ ಮಾತಾಡದೇ ಕೀ ತಂದು ಕೊಟ್ರು. ಇಡೀ ದೇಶದಲ್ಲಿ ಗದ್ದಲ ಆಗಿ ರೈಲು ಮತ್ತೆ ಬಿಟ್ರು, ಅಲ್ಲಿವರೆಗೂ ಇದ್ದು ಹೋದ್ರು, ಆ ದಿನಗಳಿಗೆ ಬಾಡಿಗೆ ತಗೊಳ್ಳಿಲ್ಲ. ಸ್ಟವ್ವು, ಎರಡು ಚಾಪೆ ಬಿಟ್ಟು ಹೋಗಿದ್ರು, ಆಮೇಲೆ ಅವ್ರಲ್ಲಿ ಒಬ್ಬ ವಾಪಸ್ ಬಂದಾಗ ತಗೊಂಡು ಹೋದ.

ಕೆಳಗಿನ ಮಳಿಗೆ ಸಲೂನಿನವ್ರದ್ದು. ಬಾಡಿಗೆ 12,000, ಅಡ್ವಾನ್ಸ್ ಹತ್ತು ತಿಂಗಳದ್ದು. ಅವ್ರು ಬಂದು "ಅಕ್ಕಾ, ಶಟರ್ರೇ ತೆಗೆದಿಲ್ಲ, ಬಾಡಿಗೆ ಹೆಂಗೆ ಕೊಡ್ಲಿ, ಅಂಗಡಿ ಮುಚ್ಚಿಸಿದ್ದು ಸರ್ಕಾರ ತಾನೇ" ಅಂದ್ರು. ಕೇಳೋದ್ರಲ್ಲಿ ನ್ಯಾಯ ಇತ್ತು. ನಮಗೆ ಗೊತ್ತಿರೋ ಲಾಯರ್ ಒಬ್ರನ್ನ ಕೇಳಿದಾಗ ಅವ್ರು ಬಿಡಿಸಿ ಹೇಳಿದ್ರು. 1882ರ ಆಸ್ತಿ ವರ್ಗಾವಣೆ ಕಾಯ್ದೆ 108ನೇ ಸೆಕ್ಷನ್ ಪ್ರಕಾರ ಬೆಂಕಿ, ಪ್ರವಾಹ ಅಂಥದ್ರಲ್ಲಿ ಕಟ್ಟಡಾನೇ ಹಾಳಾಗಿ ಬಳಸೋಕೆ ಆಗದ ಹಾಗಾದ್ರೆ ಬಾಡಿಗೆದಾರ ಲೀಸ್ ಬಿಟ್ಟುಬಿಡಬಹುದು, ಸ್ವಲ್ಪ ದಿನ ಅಂಗಡಿ ತೆಗೆಯೋಕೆ ಆಗ್ಲಿಲ್ಲ ಅನ್ನೋದು ಅದರಲ್ಲಿ ಬರಲ್ಲ. ದೆಹಲಿ ಹೈಕೋರ್ಟ್ 2020ರ ಮೇ 21ಕ್ಕೆ ಖಾನ್ ಮಾರ್ಕೆಟ್ಟಿನ ಒಂದು ಅಂಗಡಿ ಕೇಸಲ್ಲಿ ಹೀಗೇ ಹೇಳಿತ್ತಂತೆ, ಲಾಕ್‌ಡೌನ್ ಅಂತ ಬಾಡಿಗೆ ನಿಲ್ಲಲ್ಲ, ಅಗ್ರಿಮೆಂಟಲ್ಲಿ ಅಂಥ ಷರತ್ತು ಇದ್ರೆ ಮಾತ್ರ ಕೇಳಬಹುದು, ಆದ್ರೆ ಕಟ್ಟೋಕೆ ಸ್ವಲ್ಪ ಟೈಮ್ ಕೊಡಬಹುದು ಅಂತ.

ಅಂದ್ರೆ ಕಾನೂನಿನ ಪ್ರಕಾರ ಪೂರ್ತಿ ಬಾಡಿಗೆ ಕೇಳೋ ಹಕ್ಕು ನಮಗಿತ್ತು. ಕೇಳಿದ್ರೆ ಅವ್ರು ಅಡ್ವಾನ್ಸಲ್ಲಿ ಮುರ್ಕೊಳ್ಳಿ ಅಂತಿದ್ರು, ಅಡ್ವಾನ್ಸ್ ಕರಗಿದ್ಮೇಲೆ ಅಂಗಡಿ ಬಿಟ್ಟು ಹೋಗ್ತಿದ್ರು, ಆ ವರ್ಷ ಲಗ್ಗೆರೆ ತುಂಬಾ ಟು-ಲೆಟ್ ಬೋರ್ಡೇ. ಎದುರುಬದುರು ಕೂತು ಮಾತಾಡಿದ್ವಿ. ಏಪ್ರಿಲ್ ಮೇ ಎರಡೂ ತಿಂಗಳದ್ದು ಅರ್ಧ ನಾವು ಬಿಟ್ವಿ, ಉಳಿದ 12,000 ತಿಂಗಳಿಗೆ ಸಾವಿರದ ಹಾಗೆ ಬಾಡಿಗೆ ಜೊತೆ ಸೇರಿಸಿ ಕೊಡೋದು ಅಂತ ಆಯ್ತು. ಇದನ್ನ ಬಿಳಿ ಹಾಳೇಲಿ ಬರೆದು, ಎರಡು ಕಾಪಿ ಮಾಡಿ, ಇಬ್ರೂ ಸೈನ್ ಹಾಕಿ ಇಟ್ಕೊಂಡ್ವಿ. ಬಾಯಿ ಮಾತಲ್ಲಿ ಬಿಟ್ಟ ಎಷ್ಟೋ ಮನೆಗಳಲ್ಲಿ ಆರು ತಿಂಗಳಾದ್ಮೇಲೆ ನೀವು ಅರ್ಧ ಅಂದಿದ್ರಿ, ಇಲ್ಲ ಪೂರ್ತಿ ಅಂದಿದ್ದೆ ಅಂತ ಶುರುವಾಯ್ತು, ಹಾಗಾಗಿ ಬರೆದಿಡೋದು ಇಬ್ರಿಗೂ ಒಳ್ಳೇದು. ಮೇ 19ರಿಂದ ಸಲೂನ್ ತೆಗೆಯೋಕೆ ಬಿಟ್ರು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕ್ಷೌರಿಕರಿಗೆ ಅಗಸರಿಗೆ ಒಂದು ಸಲಕ್ಕೆ 5,000 ರೂಪಾಯಿ ಘೋಷಣೆ ಮಾಡಿತ್ತಲ್ಲ, ಅದಕ್ಕೆ ಅವ್ರು ಅರ್ಜಿ ಹಾಕುವಾಗ ಈ ಜಾಗದಲ್ಲಿ ಅಂಗಡಿ ನಡೆಸ್ತಾರೆ ಅಂತ ನಾವು ಅಗ್ರಿಮೆಂಟ್ ಕಾಪಿ ಮಾಡಿಸಿ ಕೊಟ್ವಿ.

ಇದಕ್ಕೆ ಪೂರ್ತಿ ಉಲ್ಟಾ ಇದ್ದಿದ್ದು ಎರಡನೇ ಫ್ಲೋರಿನ ಇನ್ನೊಂದು ಮನೆ. ಸಾಫ್ಟ್‌ವೇರ್ ಕೆಲಸ, ವರ್ಕ್ ಫ್ರಮ್ ಹೋಮ್, ಸಂಬಳ ನಿಂತಿರ್ಲಿಲ್ಲ ಅಂತ ಅವ್ರೇ ಮೊದ್ಲು ಹೇಳಿದ್ರು. ಏಪ್ರಿಲ್‌ನಿಂದ ಬಾಡಿಗೆ 11,000 ನಿಲ್ಲಿಸಿದ್ರು, ಕೇಳಿದ್ರೆ "ಸರ್ಕಾರ ಕೇಳಬಾರ್ದು ಅಂದಿದೆ ಆಂಟಿ". ಜೂನ್ ಬಂತು, ಜುಲೈ ಬಂತು, ಅದೇ ಮಾತು. ಇಂಥೋರಿಂದಾನೇ ನಿಜವಾಗ್ಲೂ ಕಷ್ಟದಲ್ಲಿರೋರ ಮೇಲೂ ಓನರ್‌ಗಳಿಗೆ ನಂಬಿಕೆ ಹೋಗೋದು, ನನಗೆ ಆ ಸಿಟ್ಟು ಬಹಳ ಇತ್ತು.

ಅದೇ ಹೊತ್ತಿಗೆ ಹಿಂದಿನ ಬೀದೀಲಿ ಒಬ್ರು ಓನರ್ ಬಾಕಿ ಕೊಡದಿದ್ದಕ್ಕೆ ಬಾಡಿಗೆದಾರರ ಮನೆ ಫ್ಯೂಸ್ ಕಿತ್ತು, ಮೇಲಿನ ವಾಲ್ವ್ ಮುಚ್ಚಿ ನೀರೂ ನಿಲ್ಲಿಸಿದ್ರು, ಪೊಲೀಸ್ರು ಬಂದು ಓನರ್‌ನೇ ಸ್ಟೇಷನ್ನಿಗೆ ಕರ್ಕೊಂಡು ಹೋದ್ರು, ಬಾಕಿ ವಿಷಯ ಅಲ್ಲಿಗೆ ಮೂಲೆಗೆ ಬಿತ್ತು. ಲಾಯರ್ ನಮಗೆ ಹೇಳಿದ್ದೂ ಅದನ್ನೇ. ಕರೆಂಟ್ ನೀರು ಮುಟ್ಟಬೇಡಿ, ಅವ್ರಿಲ್ಲದಾಗ ಬೀಗ ಹಾಕ್ಬೇಡಿ, ಕಾನೂನು ಬಿಟ್ಟು ಹೊರಗೆ ಹಾಕಿದ್ರೆ ನಿರ್ದಿಷ್ಟ ಪರಿಹಾರ ಕಾಯ್ದೆ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಅದೇ ಮನೆಗೆ ವಾಪಸ್ ಬರಬಹುದು. ಬೆಂಗಳೂರಲ್ಲಿ ತಿಂಗಳ ಬಾಡಿಗೆ 3,500 ದಾಟಿದ್ರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬರಲ್ಲ, ನಮ್ಮಂಥೋರ ಮನೆಗಳಿಗೆಲ್ಲ ಆಸ್ತಿ ವರ್ಗಾವಣೆ ಕಾಯ್ದೇನೇ, ಅದರ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಕೊಟ್ಟು, ಹೋಗದಿದ್ರೆ ಕೋರ್ಟಿಗೆ ಹೋಗಬೇಕು. ಆದ್ರೆ ಕೋರ್ಟ್ ಆಗ ಸರಿಯಾಗಿ ನಡೀತಿರ್ಲಿಲ್ಲ, ಅದಕ್ಕೇ ಮಾತಲ್ಲಿ ಮುಗಿಸೋ ಕಡೆ ನೋಡಿ ಅಂದ್ರು.

ನೋಟಿಸ್ ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿದ್ವಿ, ಅದೇ ಕಟ್ಟಡದಲ್ಲಿ ಮೇಲೆ ಕೆಳಗೆ ಇದ್ರೂ ಪೋಸ್ಟಲ್ಲಿ ಕಳಿಸೋದೇ ಒಳ್ಳೇದು, ತಲುಪಿದ್ದಕ್ಕೆ ಸಾಕ್ಷಿ ಬೇಕಲ್ಲ. ನೋಟಿಸ್ ಕೈ ಸೇರಿದ ಮೇಲೆ ಅವ್ರಾಗೇ ಮಾತಿಗೆ ಬಂದ್ರು. ಆಗಸ್ಟ್ ಕೊನೆಗೆ ಖಾಲಿ ಮಾಡೋದು, ಐದು ತಿಂಗಳ ಬಾಕಿ 55,000, ಅಗ್ರಿಮೆಂಟಲ್ಲಿದ್ದ ಹಾಗೆ ಪೇಂಟಿಂಗಿಗೆ ಒಂದು ತಿಂಗಳದ್ದು 11,000, ಎರಡೂ ಕಳೆದು ಒಂದು ಲಕ್ಷದ ಅಡ್ವಾನ್ಸಲ್ಲಿ 34,000 ವಾಪಸ್. ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಾರೆ ಅಂತ ಬೆಂಗಳೂರಿನ ಓನರ್‌ಗಳನ್ನ ಬಯ್ಯೋರಿದಾರೆ, ಬಡವರಿಗೆ ಅದು ನಿಜವಾಗ್ಲೂ ಹೊರೆ, ನಾನೂ ಒಪ್ತೀನಿ, ಆದ್ರೆ ಆ ವರ್ಷ ನಮ್ಮನ್ನ ಉಳಿಸಿದ್ದು ಅದೇ.

2021ರ ಎರಡನೇ ಅಲೇಲಿ ದುಡ್ಡಿನ ಮಾತು ಹಿಂದಕ್ಕೆ ಹೋಯ್ತು. ಮೊದಲನೇ ಫ್ಲೋರಲ್ಲಿ ಗಾರ್ಮೆಂಟ್ಸಿಗೆ ಹೋಗೋ ಗಂಡ ಹೆಂಡ್ತಿ, ಸಣ್ಣ ಮಗು, ಆ ಹುಡುಗನ ತಾಯಿ. ಏಪ್ರಿಲ್ ಕೊನೇಲಿ ಮೂರೂ ಜನ ದೊಡ್ಡೋರಿಗೆ ಪಾಸಿಟಿವ್. ಆಗ ಬೆಡ್ ಬೇಕಂದ್ರೆ ಬಿಯು ನಂಬರ್, ಅಂದ್ರೆ ಪಾಸಿಟಿವ್ ಬಂದೋರಿಗೆ ಕೊಡೋ ಪೇಷಂಟ್ ನಂಬರ್ ಬೇಕು, ಅದು ಮೊಬೈಲಿಗೆ ಬರೋದೇ ಲೇಟು. ತಾಯಿಗೆ ಆಕ್ಸಿಜನ್ 90ಕ್ಕೆ ಇಳಿದಾಗ ನಾನು ಕೆಳಗೆ, ಆ ಹುಡುಗ ಮೇಲೆ, ಇಬ್ರೂ ಒಂದೊಂದು ಫೋನ್ ಹಿಡ್ಕೊಂಡು ಬೆಡ್ ಹೆಲ್ಪ್‌ಲೈನ್ 1912ಕ್ಕೆ ಮಾಡ್ತಾ ಇದ್ವಿ, ಆಕ್ಸಿಮೀಟರ್ ನಮ್ಮ ನರ್ಸ್ ಹುಡುಗಿ ಕೊಟ್ಟಿದ್ದು, ನೋಡ್ಕೊಳ್ಳೋದು ಹೆಂಗೆ ಅಂತ ಬಾಗ್ಲಲ್ಲೇ ನಿಂತು ತೋರಿಸಿದ್ದು ಅವಳೇ. ರಾತ್ರಿ ಬೆಡ್ ಸಿಕ್ತು, ಆಯಮ್ಮ ಉಳಿದ್ರು.

ಬೀದಿ ಗ್ರೂಪಲ್ಲಿ ಯಾರ ಮನೆ, ಯಾರ ಮನೆ ಅಂತ ಮೆಸೇಜ್ ಮೇಲೆ ಮೆಸೇಜ್. ನಾನು ಹೇಳ್ಲಿಲ್ಲ. ಬಾಡಿಗೆದಾರರಿಗೆ ಏನು ಕಾಯ್ಲೆ ಅನ್ನೋದು ಬೀದಿಗೆ ಹೇಳೋ ವಿಷಯ ಅಲ್ಲ, ಪಾಲಿಕೆಯೋರಿಗೆ ಗೊತ್ತಿದೆ, ಅಷ್ಟು ಸಾಕು. ಮನೆ ಬಾಗ್ಲಿಗೆ ಪೋಸ್ಟರ್ ಅಂಟಿಸೋದನ್ನೇ ಸುಪ್ರೀಂ ಕೋರ್ಟ್ 2020ರ ಡಿಸೆಂಬರಲ್ಲಿ ಬೇಡ ಅಂದಿತ್ತು, ಅಧಿಕಾರಿಗಳ ನಿರ್ದಿಷ್ಟ ಆದೇಶ ಇದ್ರೆ ಮಾತ್ರ ಅಂತ.

ಅವ್ರು ಐಸೋಲೇಷನಲ್ಲಿ ಇರುವಾಗ್ಲೇ ಬಾತ್‌ರೂಮಲ್ಲಿ ನಲ್ಲಿ ಬುಡ ಮುರಿದು ನೀರು ಚಿಮ್ಮೋಕೆ ಶುರುವಾಯ್ತು. ಪ್ಲಂಬರ್ ಬರಲ್ಲ ಅಂದ, ಅವನನ್ನ ಬಯ್ಯೋ ಹಾಗೂ ಇಲ್ಲ. ಮೇಲಿನ ವಾಲ್ವ್ ಮುಚ್ಚಿದ್ರೆ ಜ್ವರದಲ್ಲಿರೋರಿಗೆ ನೀರೇ ಇಲ್ಲ. ನಮ್ಮನೆಯವ್ರು ಹೊಸ ನಲ್ಲಿ, ಟೆಫ್ಲಾನ್ ಟೇಪು, ಪೈಪ್ ರೆಂಚು ಒಂದು ಬಕೆಟಲ್ಲಿ ಹಾಕಿ ಬಾಗ್ಲ ಮುಂದೆ ಇಟ್ಟು ಬಂದು, ಕೆಳಗೆ ಕೂತು ವಿಡಿಯೋ ಕಾಲಲ್ಲಿ "ಬಲಗಡೆಗೆ ತಿರುಗಿಸಪ್ಪ, ಇನ್ನೂ ಎರಡು ಸುತ್ತು ಟೇಪ್ ಸುತ್ತು" ಅಂತ ಹೇಳ್ತಾ ಹೇಳ್ತಾ ಆ ಹುಡುಗನ ಕೈಯಲ್ಲೇ ಹಾಕಿಸಿದ್ರು, ಮಧ್ಯೆ ಎರಡು ಸಲ ಅವನು ಸುಸ್ತಾಗಿ ನೆಲದ ಮೇಲೆ ಕೂತ. ರಿಪೇರಿ ಅನ್ನೋದು ಓನರ್ ಕೆಲಸ, ಕಾಯ್ಲೆ ಇದೆ ಅಂತ ಅದು ಮುಂದಕ್ಕೆ ಹೋಗಲ್ಲ. ಓನರ್ ಮಾಡಬೇಕಾದ ರಿಪೇರಿ ಮಾಡ್ಲಿಲ್ಲ ಅಂದ್ರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನ ಬಾಡಿಗೇಲಿ ಕಳೀಬಹುದು ಅಂತಾನೂ ಅದೇ 108ನೇ ಸೆಕ್ಷನ್ನಲ್ಲಿದೆ, ಬಹಳ ಬಾಡಿಗೆದಾರರಿಗೆ ಇದು ಗೊತ್ತೇ ಇಲ್ಲ. ಕಸಕ್ಕೆ ಬೇರೆ ಕವರ್ ಕೊಟ್ಟಿದ್ವಿ, ಗಂಟು ಕಟ್ಟಿ ಮೂಲೇಲಿ ಇಡ್ತಿದ್ರು, ಪಾಲಿಕೆ ಗಾಡಿಯೋರಿಗೆ ಮೊದ್ಲೇ ಹೇಳಿ ಕೊಡ್ತಿದ್ವಿ, ಕಸ ಎತ್ತೋ ಹೆಣ್ಮಕ್ಕಳಿಗೆ ಗೊತ್ತಿಲ್ಲದ ಹಾಗೆ ಬೇರೆ ಕಸದ ಜೊತೆ ಸೇರಿಸಿ ಹಾಕೋದು ದೊಡ್ಡ ಅನ್ಯಾಯ.

2021ರ ಜೂನ್ 2ಕ್ಕೆ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆ ಒಪ್ಪಿತು. ಅದನ್ನ ರಾಜ್ಯಗಳು ಬೇಕಾದ್ರೆ ತರಬೇಕು. ಅದರಲ್ಲಿ ನನಗೆ ಹಿಡಿಸಿದ್ದು ಒಂದು ಅಂಶ, ಪ್ರವಾಹ, ಭೂಕಂಪದಂಥ ವಿಪತ್ತಿನ ಮಧ್ಯೆ ಅಗ್ರಿಮೆಂಟ್ ಮುಗಿದ್ರೆ, ವಿಪತ್ತು ಮುಗಿದು ಒಂದು ತಿಂಗಳವರೆಗೆ ಅದೇ ಷರತ್ತಿನ ಮೇಲೆ ಬಾಡಿಗೆದಾರರು ಇರಬಹುದು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳು ಮಾತ್ರ ಅನ್ನೋದೂ ಇದೆ, ಅದಕ್ಕೆ ನಮ್ಮ ಬೀದಿ ಓನರ್‌ಗಳು ಯಾರೂ ಒಪ್ಪಲ್ಲ, ಬಾಕಿ ಬಿದ್ರೆ ಬೇಗ ತೀರ್ಮಾನ ಮಾಡೋ ವ್ಯವಸ್ಥೆ ನಿಜವಾಗ್ಲೂ ನಡೆದ್ರೆ ನಾನಂತೂ ಒಪ್ತೀನಿ.

ಕಾಯ್ದೆಗೆ ಕಾಯದೇ ನಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟಲ್ಲಿ ನಾವೇ ಕೆಲವು ಸಾಲು ಸೇರಿಸಿದೀವಿ. ಸರ್ಕಾರದ ಆದೇಶದಿಂದ ಅಂಗಡಿ ಮುಚ್ಚಿದ್ರೆ ಅಷ್ಟು ದಿನಕ್ಕೆ ಅರ್ಧ ಬಾಡಿಗೆ, ಮನೆ ಬಾಡಿಗೆದಾರರ ಕೆಲಸ ನಿಂತ್ರೆ ಅದಕ್ಕೆ ಏನಾದ್ರೂ ಕಾಗದ ತೋರಿಸಿ ಎರಡು ತಿಂಗಳವರೆಗೆ ಮುಂದಕ್ಕೆ ಹಾಕಬಹುದು, ಬಾಕಿ ಕಂತಲ್ಲಿ ತೀರಿಸೋದು, ಕಾಯ್ಲೆ ಕಾರಣಕ್ಕೆ ಯಾರನ್ನೂ ಖಾಲಿ ಮಾಡಿಸೋ ಹಾಗಿಲ್ಲ. ಟೈಪ್ ಮಾಡೋ ಹುಡುಗ ಓನರ್ ಕಡೆಯಿಂದ ಇಂಥದ್ದು ಯಾರೂ ಹಾಕಿಸಲ್ಲಮ್ಮ, ಬೇಕಾ ಅಂತ ಕೇಳಿದ. ಬೇಕು, ಹಾಕಪ್ಪ ಅಂದೆ. ಸಲೂನಿನವ್ರ ಹಳೇ ಬಾಕಿ ಎರಡನೇ ಲಾಕ್‌ಡೌನಲ್ಲಿ ಮಧ್ಯೆ ನಿಂತು, ತೀರಿದ್ದು ಆಮೇಲೆ, ಕೊನೇ ಸಾವಿರ ಕೊಟ್ಟ ದಿನ ಆ ಬಿಳಿ ಹಾಳೆ ಮೇಲೆ ಚುಕ್ತಾ ಅಂತ ಬರೆದು ಅವ್ರಿಗೊಂದು ಕಾಪಿ ಕೊಟ್ವಿ, ಹೊಸ ಅಗ್ರಿಮೆಂಟಿಗೆ ಮೊದಲು ಸೈನ್ ಹಾಕಿದ್ದೂ ಅವ್ರೇ.